ಎರಡನೇ ಗ್ರಾಫಿಕ್ಸ್ ಕಾರ್ಡ್ ಕೆಲಸ ಮಾಡ್ತಿಲ್ವಾ? ಬೆಂಗಳೂರಿಗೆ ಹೊತ್ತುಕೊಂಡು ಹೋಗುವ ಮೊದಲು ಇಷ್ಟು ನೋಡಿ

ತುಮಕೂರಿನಲ್ಲಿ ಮನೆ ಕಟ್ಟಿಸುವವರಿಗೆ ತ್ರೀಡಿ ಎಲಿವೇಶನ್ ಮಾಡಿಕೊಡುವುದು ನನ್ನ ಕೆಲಸ. ಪಾಯ ತೋಡುವ ಮೊದಲೇ ಮನೆ ಮುಂಭಾಗ ಹೇಗಿರುತ್ತದೆ ಅಂತ ಎಲ್ಲರಿಗೂ ಕಣ್ಣಾರೆ ನೋಡಬೇಕು. ಬೆಳಿಗ್ಗೆ ತೋರಿಸಬೇಕೆಂದರೆ ರಾತ್ರಿಯೆಲ್ಲ ಕಂಪ್ಯೂಟರ್ ರೆಂಡರ್ ಮಾಡುತ್ತಿರಬೇಕು, ಅಂದರೆ ಮಾದರಿಯಿಂದ ಚಿತ್ರ ತಯಾರಿಸುತ್ತಿರಬೇಕು. ಹಾಗಾಗಿ ನನ್ನ ಡೆಸ್ಕ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಇವೆ, ಎರಡೂ ಆರ್‌ಟಿಎಕ್ಸ್ 3060.

ಇದೇ ಕೆಲಸ ಮಾಡುವ ಹುಡುಗರು, ಮದುವೆ ವಿಡಿಯೋ ಎಡಿಟ್ ಮಾಡುವವರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣ, ಎರಡನೇ ಕಾರ್ಡ್ ಹಾಕಿದೆ, ಡಿಸ್‌ಪ್ಲೇನೇ ಬರ್ತಿಲ್ಲ. ಕಾರ್ಡ್ ಹೋಗಿದೆ ಅನ್ಸುತ್ತೆ." ನಾನು ನೋಡಿದ ಮಟ್ಟಿಗೆ ಕಾರ್ಡೇ ಹೋಗಿರುವುದು ಕಡಿಮೆ. ಕೇಬಲ್, ಸ್ಲಾಟ್ (ಬೋರ್ಡಿನಲ್ಲಿ ಕಾರ್ಡ್ ಕೂರುವ ಜಾಗ), ಡ್ರೈವರ್ (ವಿಂಡೋಸ್‌ನಿಂದ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್), ಯುಪಿಎಸ್, ಧೂಳು, ಇವುಗಳಲ್ಲಿ ಯಾವುದೋ ಒಂದು ಸಿಕ್ಕಿಬೀಳುತ್ತದೆ. ಇಲ್ಲಿಂದ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ ಕೆಟ್ಟ ಹಾಗೆ. ಆ ದಿನವನ್ನು ಮನೆಯಲ್ಲೇ ಕೂತು ಉಳಿಸಿಕೊಳ್ಳಬಹುದು. ಅವಸರ ಮಾಡಬೇಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಕಾಗದದಲ್ಲಿ ಬರೆದುಕೊಳ್ಳಿ.

ನಿಮ್ಮ ಸಾಫ್ಟ್‌ವೇರ್ ಎರಡು ಕಾರ್ಡ್ ಬಳಸುತ್ತದಾ?

ಸ್ಕ್ರೂಡ್ರೈವರ್ ತೆಗೆದುಕೊಳ್ಳುವ ಮೊದಲು ಇದನ್ನು ಕೇಳಿಕೊಳ್ಳಿ. ಎಷ್ಟೋ ಸಲ ಕಾರ್ಡ್ ಚೆನ್ನಾಗಿಯೇ ಇರುತ್ತದೆ, ಸಾಫ್ಟ್‌ವೇರ್ ಅದನ್ನು ಮುಟ್ಟುವುದೇ ಇಲ್ಲ.

ಆಟ ಆಡುವುದಕ್ಕೆ ಎರಡು ಕಾರ್ಡ್ ಹಾಕುವ ಕಾಲ ಮುಗಿದಿದೆ. ಎನ್‌ವಿಡಿಯಾ 2004ರಲ್ಲಿ ಎಸ್‌ಎಲ್‌ಐ ತಂದಿತು, ಮರುವರ್ಷ ಎಟಿಐ ಕ್ರಾಸ್‌ಫೈರ್ ತಂದಿತು. ಎರಡು ಕಾರ್ಡಿನ ತಲೆಯ ಮೇಲೆ ಒಂದು ಬ್ರಿಡ್ಜ್ ಸಿಕ್ಕಿಸಿ ಆಟ ಓಡಿಸುತ್ತಿದ್ದರು. ಆರ್‌ಟಿಎಕ್ಸ್ 30ರ ಸಾಲಿಗೆ ಬರುವಷ್ಟರಲ್ಲಿ ಬ್ರಿಡ್ಜ್‌ಗೆ ಜಾಗ ಉಳಿದದ್ದು 3090, 3090 ಟಿಐ ಕಾರ್ಡುಗಳಿಗೆ ಮಾತ್ರ. 40ರ ಸಾಲಿನಲ್ಲಿ ಅದೂ ಇಲ್ಲ. 2021ರ ಜನವರಿಯಿಂದ ಎನ್‌ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲ್ ಕೊಡುವುದನ್ನೂ ನಿಲ್ಲಿಸಿತು. ಹಾಗಾಗಿ ಈಗಿನ ಆಟದಲ್ಲಿ ಎರಡನೇ ಕಾರ್ಡ್ ಸುಮ್ಮನೆ ಕೂತಿದ್ದರೆ ಅದು ರಿಪೇರಿ ಮಾಡುವ ತೊಂದರೆ ಅಲ್ಲ.

ನಮ್ಮ ಎಲಿವೇಶನ್ ಕೆಲಸದವರಲ್ಲಿ ಲ್ಯೂಮಿಯಾನ್ ಬಳಸುವವರು ಜಾಸ್ತಿ. ಅದು ಒಂದೇ ಕಾರ್ಡ್ ಬಳಸುತ್ತದೆ. ಎರಡಕ್ಕೆ ದುಡ್ಡು ಹಾಕುವ ಬದಲು ಒಂದೇ ದೊಡ್ಡ ಕಾರ್ಡ್ ತೆಗೆದುಕೊಳ್ಳುವುದು ಒಳ್ಳೆಯದು. ಡಾವಿಂಚಿ ರಿಸಾಲ್ವ್ ಬಿಟ್ಟಿ ಆವೃತ್ತಿ ವಿಂಡೋಸ್‌ನಲ್ಲಿ ಒಂದೇ ಕಾರ್ಡ್ ಬಳಸುತ್ತದೆ, ದುಡ್ಡು ಕೊಟ್ಟು ತಗೊಳ್ಳುವ ಸ್ಟುಡಿಯೋ ಆವೃತ್ತಿ ಜಾಸ್ತಿ ಕಾರ್ಡ್ ಬಳಸುತ್ತದೆ. ಬ್ಲೆಂಡರ್‌ನ ಸೈಕಲ್ಸ್, ವಿ-ರೇ ಜಿಪಿಯು, ಇವು ಎರಡನ್ನೂ ಚೆನ್ನಾಗಿ ದುಡಿಸಿಕೊಳ್ಳುತ್ತವೆ, ಬ್ರಿಡ್ಜ್ ಬೇಕಾಗಿಲ್ಲ.

ಬ್ಲೆಂಡರ್‌ನಲ್ಲಿ ಎರಡು ಕಡೆ ಆಯ್ಕೆ ಮಾಡಬೇಕು, ಬಹಳ ಜನ ಒಂದೇ ಕಡೆ ಮಾಡಿ ಬಿಡುತ್ತಾರೆ. ಪ್ರಿಫರೆನ್ಸಸ್ ಒಳಗೆ ಸಿಸ್ಟಮ್‌ಗೆ ಹೋಗಿ 'ಕೂಡಾ' (CUDA) ಅಥವಾ 'ಆಪ್ಟಿಕ್ಸ್' (OptiX) ಕೆಳಗೆ ಎರಡೂ ಕಾರ್ಡಿಗೆ ಟಿಕ್ ಹಾಕಿ. ಆಮೇಲೆ ರೆಂಡರ್ ಪ್ರಾಪರ್ಟೀಸ್‌ನಲ್ಲಿ ಡಿವೈಸ್ ಅನ್ನುವ ಕಡೆ ಜಿಪಿಯು ಕಂಪ್ಯೂಟ್ ಆರಿಸಿ.

ಮೆಮೊರಿ ವಿಷಯದಲ್ಲಿ ಲೆಕ್ಕ ತಪ್ಪಬೇಡಿ. 12 ಜಿಬಿ ಕಾರ್ಡ್ ಎರಡು ಹಾಕಿದರೆ 24 ಜಿಬಿ ಆಗುವುದಿಲ್ಲ. ಇಡೀ ಸೀನ್ ಎರಡೂ ಕಾರ್ಡಿನಲ್ಲಿ ಬೇರೆ ಬೇರೆಯಾಗಿ ಕೂರಬೇಕು. 12 ಜಿಬಿಯ ಜೊತೆ 6 ಜಿಬಿಯ ಕಾರ್ಡ್ ಹಾಕಿದರೆ ದೊಡ್ಡ ಸೀನ್‌ನಲ್ಲಿ ಮೊದಲು ಕೈಚೆಲ್ಲುವುದು ಆ 6 ಜಿಬಿಯದ್ದೇ. ಒಂಟಿಯಾಗಿ ಓಡುತ್ತಿದ್ದ ಫೈಲ್ ಎರಡು ಕಾರ್ಡಿನಲ್ಲಿ 'ಔಟ್ ಆಫ್ ಮೆಮೊರಿ' ಅಂದರೆ ಸಣ್ಣ ಕಾರ್ಡಿನ ಟಿಕ್ ತೆಗೆದು ನೋಡಿ.

ಬಿಚ್ಚದೆ ನೋಡಬಹುದಾದ್ದು

ಕಂಪ್ಯೂಟರ್ ವಿಂಡೋಸ್‌ವರೆಗೆ ಬರುತ್ತಿದ್ದರೆ ಡಿವೈಸ್ ಮ್ಯಾನೇಜರ್ ತೆಗೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಎರಡೂ ಹೆಸರು ಇದ್ದು ಯಾವುದಕ್ಕೂ ಹಳದಿ ಗುರುತು ಇಲ್ಲದಿದ್ದರೆ ಕಾರ್ಡ್, ಸ್ಲಾಟ್, ಡ್ರೈವರ್ ಮೂರೂ ಹೆಚ್ಚುಕಡಿಮೆ ಸರಿಯಿವೆ. ಹಳದಿ ಗುರುತು ಇದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಕೋಡ್ ಬರೆದುಕೊಳ್ಳಿ. ಕೋಡ್ 12 ಬಂದರೆ ಬಯಾಸ್ (ವಿಂಡೋಸ್‌ಗೂ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ಸ್) ಕಡೆ ನೋಡಬೇಕು. ಕೋಡ್ 43 ಬಂದರೆ ಮೊದಲು ಡ್ರೈವರ್, ಆಮೇಲೆ ಕಾರ್ಡ್. ಎರಡನೆಯದರ ಹೆಸರೇ ಇಲ್ಲದಿದ್ದರೆ ಸ್ಲಾಟ್ ಅಥವಾ ಪವರ್ ಕೇಬಲ್.

ಟಾಸ್ಕ್ ಮ್ಯಾನೇಜರ್ ನೋಡಿ ಮೋಸ ಹೋಗುವವರು ಬಹಳ. ರೆಂಡರ್ ಹಾಕಿ ಪರ್ಫಾರ್ಮೆನ್ಸ್ ತೆಗೆದರೆ ಜಿಪಿಯು 1 ಎಂಬ ಕಾರ್ಡಿನ ಮುಂದೆ ಸೊನ್ನೆ ಕಾಣುತ್ತದೆ, ಎದೆ ಧಸಕ್ ಅನ್ನುತ್ತದೆ. ಅಲ್ಲಿ ಮೊದಲಿಗೆ ತೋರಿಸುವುದು ತ್ರೀಡಿ ಅನ್ನುವ ಗ್ರಾಫ್. ರೆಂಡರ್ ಕೆಲಸ ಅದರಲ್ಲಿ ಬರುವುದಿಲ್ಲ. ಗ್ರಾಫಿನ ಹೆಸರಿನ ಮೇಲೆ ಒತ್ತಿ ಪಟ್ಟಿಯಲ್ಲಿ 'ಕೂಡಾ' (CUDA) ಆರಿಸಿ. 'ಕೂಡಾ' ಅನ್ನುವ ಹೆಸರೇ ಇಲ್ಲದಿದ್ದರೆ ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಶೆಡ್ಯೂಲಿಂಗ್ ಆನ್ ಆಗಿರಬಹುದು. ಇದಕ್ಕಿಂತ ಸುಲಭದ್ದು ಜಿಪಿಯು-ಝಡ್ ಅನ್ನುವ ಸಣ್ಣ ಬಿಟ್ಟಿ ಸಾಫ್ಟ್‌ವೇರ್. ಕೆಳಗೆ ಕಾರ್ಡ್ ಆರಿಸಿ, ಸೆನ್ಸರ್ಸ್‌ನಲ್ಲಿ ಲೋಡ್, ಬಿಸಿ, ವ್ಯಾಟ್ ಎಲ್ಲ ಕಾಣುತ್ತದೆ.

ಮಾನಿಟರ್ ಕೇಬಲ್ ಎಲ್ಲಿದೆ ಅಂತಲೂ ನೋಡಿ. ಕ್ಯಾಬಿನೆಟ್ ಹಿಂದೆ ಕತ್ತಲಲ್ಲಿ ಕೈಯಾಡಿಸಿ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿರುತ್ತಾರೆ. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಆ ಕಿಂಡಿಯಲ್ಲಿ ಏನೂ ಬರುವುದಿಲ್ಲ.

ಹೇಗೆ ನಿಲ್ಲುತ್ತದೆ ಅನ್ನುವುದೇ ಸುಳಿವು

ರೆಂಡರ್ ಶುರುವಾದ ಕೂಡಲೇ ಇಡೀ ಕಂಪ್ಯೂಟರ್ ಪಟ್ ಅಂತ ಆಫ್ ಆದರೆ ಅಥವಾ ರೀಸ್ಟಾರ್ಟ್ ಆದರೆ ಪವರ್ ಮೇಲೆ ಅನುಮಾನ ಪಡಿ. ಸ್ಕ್ರೀನ್ ಒಂದು ಗಳಿಗೆ ಕಪ್ಪಾಗಿ ಮತ್ತೆ ಬಂದರೆ ಡ್ರೈವರ್ ಕಡೆ ನೋಡಿ. ಎರಡು ಸೆಕೆಂಡಿನಲ್ಲಿ ಕಾರ್ಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನೇ ಮತ್ತೆ ಶುರು ಮಾಡುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಅದು 4101 ಅಂತ ದಾಖಲಾಗುತ್ತದೆ. ಅದೇ ಪಟ್ಟಿಯಲ್ಲಿ ಕರ್ನಲ್-ಪವರ್ 41 ಕಂಡರೆ ಅದನ್ನೇ ಕಾರಣ ಅಂದುಕೊಳ್ಳಬೇಡಿ. ಕಂಪ್ಯೂಟರ್ ಸರಿಯಾಗಿ ಆಫ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಸಾಫ್ಟ್‌ವೇರ್ ಒಂದೇ ಮುಚ್ಚಿಕೊಂಡು ಉಳಿದದ್ದೆಲ್ಲ ಸರಿಯಿದ್ದರೆ ಮೆಮೊರಿ ಸಾಲದೆ ಬಂದಿರಬಹುದು. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ನಿಧಾನವಾದರೆ ಬಿಸಿ.

ಈಗ ಬಿಚ್ಚಿ

ಆಫ್ ಮಾಡಿ, ವೈರ್ ಗೋಡೆಯಿಂದಲೇ ತೆಗೆಯಿರಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಹೋಗುತ್ತದೆ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ಕಾರ್ಡ್ ಮುಟ್ಟಿ.

ಹಿಂದಿನ ಸ್ಕ್ರೂ ತೆಗೆದು, ಪವರ್ ಕೇಬಲ್ ಬಿಡಿಸಿ. ಸ್ಲಾಟಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕ್ಲಿಪ್ ಇದೆ. ಎರಡು ಕಾರ್ಡ್ ಇದ್ದಾಗ ಮೇಲಿನದರ ಕ್ಲಿಪ್‌ಗೆ ಬೆರಳು ಹೋಗುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿದರೆ ಜಾರಿ ಬೋರ್ಡಿಗೆ ಗೀರು ಬೀಳುತ್ತದೆ. ನಾನು ಮಕ್ಕಳ ಮರದ ಸ್ಕೇಲ್ ಬಳಸುತ್ತೇನೆ. ಸ್ಕೇಲಿನ ತುದಿಯಿಂದ ಕ್ಲಿಪ್ ಒತ್ತಿ, ಇನ್ನೊಂದು ಕೈಯಲ್ಲಿ ಕಾರ್ಡನ್ನು ನೇರವಾಗಿ ಎತ್ತಿದರೆ 'ಟಕ್' ಅಂತ ಬಿಡುತ್ತದೆ. ಬಿಡದಿದ್ದರೆ ಎಳೆಯಬೇಡಿ, ಕ್ಲಿಪ್ ಪೂರ್ತಿ ಬಿಟ್ಟಿಲ್ಲ ಅಂತ ಅರ್ಥ.

ಈಗ ಇರುವುದೇ ಮುಖ್ಯ ಪರೀಕ್ಷೆ. ಎರಡು ಕಾರ್ಡ್, ಎರಡು ಸ್ಲಾಟ್, ಒಟ್ಟು ನಾಲ್ಕು ಸಲ ಆನ್ ಮಾಡಿ ನೋಡಬೇಕು. ಮೊದಲ ಕಾರ್ಡ್ ಒಂದನ್ನೇ ಮೇಲಿನ ಸ್ಲಾಟಿಗೆ ಹಾಕಿ. ಬಂತಾ? ಅದನ್ನು ತೆಗೆದು ಎರಡನೆಯದನ್ನು ಅದೇ ಮೇಲಿನ ಸ್ಲಾಟಿಗೆ, ಅದೇ ಕೇಬಲ್ಲಿಗೆ ಹಾಕಿ. ಎರಡೂ ಬಂದರೆ ಕಾರ್ಡುಗಳು ಬದುಕಿವೆ, ನೆಮ್ಮದಿಯಾಗಿ ಒಂದು ಕಾಫಿ ಕುಡಿಯಿರಿ. ಆಮೇಲೆ ಇದನ್ನೇ ಕೆಳಗಿನ ಸ್ಲಾಟಿನಲ್ಲಿ ಮಾಡಿ. ಕೆಳಗೆ ಎರಡೂ ಬರದಿದ್ದರೆ ತೊಂದರೆ ಸ್ಲಾಟಿನದ್ದು ಅಥವಾ ಬಯಾಸ್‌ನದ್ದು. ಒಂದು ಕಾರ್ಡ್ ಎರಡು ಸ್ಲಾಟಿನಲ್ಲಿ ಎಲ್ಲಿಯೂ ಬರದೆ ಇನ್ನೊಂದು ಎರಡರಲ್ಲೂ ಬಂದರೆ ಮಾತ್ರ ಕಾರ್ಡ್ ಮೇಲೆ ಬೆರಳು ತೋರಿಸಿ. ಇಷ್ಟಕ್ಕೆ ಒಂದು ಗಂಟೆ ಹಿಡಿಯಬಹುದು. ಈ ಒಂದು ಗಂಟೆ ಬಿಟ್ಟರೆ ಉಳಿದದ್ದೆಲ್ಲ ಊಹೆ.

ಕೈಯಲ್ಲಿರುವಾಗಲೇ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಮಸುಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಬೆರಳು ತಾಗಿಸಬೇಡಿ.

ಸ್ಲಾಟ್ ಉದ್ದ ಇದ್ದ ಮಾತ್ರಕ್ಕೆ

ಬೋರ್ಡಿನಲ್ಲಿ ಎರಡು ಉದ್ದ ಸ್ಲಾಟ್ ಕಂಡರೂ ಎರಡೂ ಒಂದೇ ಅಲ್ಲ. ಮಾಮೂಲಿ ಬೋರ್ಡುಗಳಲ್ಲಿ ಮೇಲಿನದಕ್ಕೆ 16 ಲೇನ್ (ಮಾಹಿತಿ ಓಡಾಡುವ ದಾರಿ), ಅದು ನೇರ ಪ್ರೊಸೆಸರಿಗೆ ಹೋಗುತ್ತದೆ. ಕೆಳಗಿನದಕ್ಕೆ ಹೆಚ್ಚಾಗಿ ನಾಲ್ಕೇ ಲೇನ್, ಅದೂ ಚಿಪ್‌ಸೆಟ್ ಮೂಲಕ. ಪಿಸಿಐಇ 3.0 ತಲೆಮಾರಿನ ಸ್ಲಾಟಿನಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ ಸುಮಾರು 1 ಜಿಬಿ. ರೆಂಡರ್‌ಗೆ ಇದರಿಂದ ದೊಡ್ಡ ನಷ್ಟ ಇಲ್ಲ, ಸೀನ್ ಒಂದು ಸಲ ಕಾರ್ಡಿಗೆ ಹೋದರೆ ಆಯಿತು. ಜಿಪಿಯು-ಝಡ್ ಸುಮ್ಮನಿರುವಾಗ 1.1 ಅಂತ ತೋರಿಸಿದರೆ ಗಾಬರಿ ಬೇಡ. ಕೆಲಸ ಇಲ್ಲದಾಗ ಲಿಂಕ್ ತಾನೇ ಇಳಿಯುತ್ತದೆ, ಪಕ್ಕದ ಪ್ರಶ್ನೆ ಗುರುತು ಒತ್ತಿ ರೆಂಡರ್ ಟೆಸ್ಟ್ ಓಡಿಸಿದರೆ ನಿಜವಾದದ್ದು ಕಾಣುತ್ತದೆ.

ಒಂದು ಮುಖ್ಯ ವಿಷಯ. ಹಲವು ಬೋರ್ಡುಗಳಲ್ಲಿ ಎರಡನೇ ಎಂ.2 ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಕೆಳಗಿನ ಸ್ಲಾಟ್ ಬಂದ್ ಆಗುತ್ತದೆ, ಏಕೆಂದರೆ ಎರಡಕ್ಕೂ ಅದೇ ಲೇನ್. ಬೋರ್ಡಿನ ಮ್ಯಾನುಯಲ್‌ನಲ್ಲಿ ಇದು ಸಣ್ಣಕ್ಷರದಲ್ಲಿ ಇರುತ್ತದೆ. ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಎರಡನೇ ಕಾರ್ಡ್ ಮಾಯವಾಗಿದ್ದರೆ ಮೊದಲು ಅದನ್ನೇ ತೆಗೆದು ನೋಡಿ.

ಪವರ್: ಇಲ್ಲೇ ಜಾಸ್ತಿ ಸಿಕ್ಕಿಬೀಳುವುದು

ನನ್ನ ಸ್ವಂತ ಅನುಭವ ಹೇಳುತ್ತೇನೆ. ಎರಡನೇ 3060 ಹಾಕಿದ ದಿನ ಎಲ್ಲ ಚೆನ್ನಾಗಿತ್ತು. ರಾತ್ರಿ ರೆಂಡರ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ಆಫ್. ಮೂರು ರಾತ್ರಿ ಹೀಗೇ ಆಯಿತು. ಕೊನೆಗೆ ಹಗಲು ಹೊತ್ತು ಪಕ್ಕದಲ್ಲೇ ಕೂತು ನೋಡಿದೆ. ರೆಂಡರ್ ಶುರುವಾದ ತಕ್ಷಣ ಮೇಜಿನ ಕೆಳಗಿನ ಯುಪಿಎಸ್ ಕುಂಯ್ ಅಂತ ಕೂಗಲು ಶುರುಮಾಡಿತು, ಸ್ವಲ್ಪ ಹೊತ್ತಿಗೆ ಎಲ್ಲ ಕತ್ತಲು.

ಲೆಕ್ಕ ಹಾಕಿ. ಒಂದು 3060ಗೆ 170 ವ್ಯಾಟ್, ಎರಡಕ್ಕೆ 340. ಪ್ರೊಸೆಸರಿಗೆ ಸುಮಾರು 80. ಬೋರ್ಡ್, ರ್‍ಯಾಮ್, ಡಿಸ್ಕ್, ಫ್ಯಾನ್ ಸೇರಿ ಇನ್ನೊಂದು 60. ಒಟ್ಟು 480. ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ಒಳಗೆ ಸ್ವಲ್ಪ ಬಿಸಿಯಾಗಿ ಹೋಗುವುದರಿಂದ ಗೋಡೆಯಿಂದ ಎಳೆಯುವುದು 560ರ ಹತ್ತಿರ. ನಮ್ಮ ಕಡೆ ಮನೆಮನೆಯಲ್ಲಿ ಇರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಅದು ತಾಳುವುದಾದರೂ ಹೇಗೆ? ಯುಪಿಎಸ್ ಮೇಲೆ ದೊಡ್ಡದಾಗಿ ಬರೆದ ವಿಎ ನೋಡಬೇಡಿ, ಹಿಂದಿನ ಚೀಟಿಯಲ್ಲಿ ವ್ಯಾಟ್ ಎಷ್ಟಿದೆ ಅಂತ ನೋಡಿ. ಪರೀಕ್ಷೆಗೆ ಒಂದು ಸಲ ಯುಪಿಎಸ್ ಬಿಟ್ಟು ನೇರ ಅರ್ಥಿಂಗ್ ಇರುವ ಸಾಕೆಟ್ಟಿಗೆ ಹಾಕಿ ರೆಂಡರ್ ಓಡಿಸಿ. ನಿಲ್ಲದಿದ್ದರೆ ಕಳ್ಳ ಸಿಕ್ಕ.

ಎಸ್‌ಎಂಪಿಎಸ್ ವಿಷಯಕ್ಕೆ ಬಂದರೆ, ಕಾರ್ಡುಗಳು ಒಂದು ಕ್ಷಣಕ್ಕೆ ಹೇಳಿದ್ದಕ್ಕಿಂತ ಜಾಸ್ತಿ ಎಳೆಯುತ್ತವೆ. 480ರ ಲೆಕ್ಕಕ್ಕೆ 550 ವ್ಯಾಟಿನದು ಇಕ್ಕಟ್ಟು, ಒಳ್ಳೆಯ 750 ವ್ಯಾಟಿನದು ಇದ್ದರೆ ನಿಶ್ಚಿಂತೆ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, 6 ಪಿನ್ ಕೇಬಲ್ 75, 8 ಪಿನ್ 150. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು 8 ಪಿನ್ ಜೋತುಬಿದ್ದಿದ್ದರೆ ಅದರಿಂದ ಎರಡು ಕಾರ್ಡಿಗೆ ಕೊಡಬೇಡಿ. ಒಂದೊಂದು ಕಾರ್ಡಿಗೂ ಎಸ್‌ಎಂಪಿಎಸ್‌ನಿಂದಲೇ ಬೇರೆ ಕೇಬಲ್ ಬರಬೇಕು. ಡಿಸ್ಕಿಗೆ ಹಾಕುವ ಸಾಟಾ ಕೇಬಲ್ಲಿನಿಂದ 6 ಪಿನ್‌ಗೆ ಬದಲಿಸುವ ಅಡಾಪ್ಟರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ದಯವಿಟ್ಟು ಹಾಕಬೇಡಿ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್. ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು.

ಪವರ್ ಅನುಮಾನವನ್ನು ದುಡ್ಡಿಲ್ಲದೆ ಪರೀಕ್ಷಿಸುವ ದಾರಿ ಇದೆ. ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎರಡೂ ಕಾರ್ಡಿನ ಪವರ್ ಲಿಮಿಟ್ ಶೇಕಡಾ 70ಕ್ಕೆ ಇಳಿಸಿ. ಆಗ ನಿಲ್ಲದೆ ಓಡಿದರೆ ಪವರ್ ಅಥವಾ ಬಿಸಿ, ಎರಡರಲ್ಲೊಂದು. ಹೊಸ ಎಸ್‌ಎಂಪಿಎಸ್ ತರುವವರೆಗೆ ಹಾಗೆಯೇ ಬಿಟ್ಟು ಕೆಲಸವನ್ನೂ ಮಾಡಿಕೊಳ್ಳಬಹುದು, ವೇಗ ಅಷ್ಟೇನೂ ಬೀಳುವುದಿಲ್ಲ.

ಬಯಾಸ್

ಎರಡೂ ಕಾರ್ಡ್ ಹಾಕಿದಾಗ ಮಾತ್ರ ತೊಂದರೆ, ಅಥವಾ ಕೋಡ್ 12 ಬಂದರೆ, ಬಯಾಸ್‌ನಲ್ಲಿ 'ಅಬೋವ್ 4ಜಿ ಡಿಕೋಡಿಂಗ್' ಹುಡುಕಿ ಆನ್ ಮಾಡಿ. ಕೆಲವು ಬೋರ್ಡುಗಳು ಇದಕ್ಕೆ ಸಿಎಸ್‌ಎಂ (ಹಳೆಯ ರೀತಿಯ ಬೂಟ್‌ಗೆ ಇರುವ ಸೆಟ್ಟಿಂಗ್) ಆಫ್ ಮಾಡು ಅನ್ನುತ್ತವೆ. ವಿಂಡೋಸ್ ಹಳೆಯ ಎಂಬಿಆರ್ ಡಿಸ್ಕಿನಲ್ಲಿದ್ದರೆ ಸಿಎಸ್‌ಎಂ ತೆಗೆದ ಮೇಲೆ ಬೂಟ್ ಆಗುವುದಿಲ್ಲ. ಹೆದರಬೇಡಿ, ಮತ್ತೆ ಆನ್ ಮಾಡಿದರೆ ಬರುತ್ತದೆ, ಫೈಲ್ ಏನೂ ಹೋಗುವುದಿಲ್ಲ. ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟಿನಿಂದ ದೂರ ಇಡಲು ಹಾಕುವುದು) ಬಳಸುತ್ತಿದ್ದರೆ ಸ್ಲಾಟ್ ವೇಗವನ್ನು ಆಟೋದಿಂದ ಜೆನ್ 3ಕ್ಕೆ ಇಳಿಸಿ ನೋಡಿ.

ಡ್ರೈವರ್

ಗುಬ್ಬಿಯ ಒಬ್ಬ ಹುಡುಗ ಎರಡನೇ ಮಾನಿಟರಿಗೆ ಅಂತ ಹಳೆಯ ಜಿಟಿ 710 ಕಾರ್ಡನ್ನು 3060ರ ಜೊತೆ ಹಾಕಿದ್ದ. ಹೊಸ ಡ್ರೈವರ್ ಹಾಕಿದ ಮೇಲೆ 710 ಹೆಸರಿನ ಜಾಗದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತ ಬಂತು. ಕಾರ್ಡ್ ಚೆನ್ನಾಗಿತ್ತು. 710 ಕೆಪ್ಲರ್ ತಲೆಮಾರಿನದು. ಕೆಪ್ಲರ್ ಕಾರ್ಡುಗಳನ್ನು ಎನ್‌ವಿಡಿಯಾ 470ರ ಡ್ರೈವರ್ ಸಾಲಿನ ನಂತರ 2021ರಲ್ಲೇ ಕೈಬಿಟ್ಟಿದೆ. 470ರ ಸಾಲಿನ ಡ್ರೈವರ್ ಹಾಕಿದರೆ ಎರಡೂ ಓಡುತ್ತವೆ, ಆದರೆ 3060ಗೆ ಹೊಸದೇನೂ ಸಿಗುವುದಿಲ್ಲ. ಅವನಿಗೆ ನಾನು ಹೇಳಿದ್ದು ಬೇರೆ: "3060 ಹಿಂದೆ ನೋಡಪ್ಪ, ನಾಲ್ಕು ಕಿಂಡಿ ಇವೆ. ಎರಡನೇ ಮಾನಿಟರನ್ನೂ ಅದಕ್ಕೇ ಹಾಕು, 710 ತೆಗೆದಿಡು." ಅಲ್ಲಿಗೆ ಮುಗಿಯಿತು.

ಡ್ರೈವರ್ ಕಲಸುಮೇಲೋಗರ ಆಗಿದ್ದರೆ ಅದರ ಮೇಲೆ ಇನ್ನೊಂದು ಹಾಕುತ್ತಾ ಹೋಗಬೇಡಿ. ಬೇಕಾದ ಡ್ರೈವರ್ ಮೊದಲೇ ಇಳಿಸಿಟ್ಟುಕೊಳ್ಳಿ. ಇಂಟರ್‌ನೆಟ್ ವೈರ್ ತೆಗೆಯಿರಿ, ಇಲ್ಲದಿದ್ದರೆ ವಿಂಡೋಸ್ ಮಧ್ಯದಲ್ಲಿ ತನ್ನದನ್ನು ಹಾಕಿಬಿಡುತ್ತದೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು (ಡ್ರೈವರ್ ಒರೆಸುವ ಸಾಫ್ಟ್‌ವೇರ್) ಓಡಿಸಿ ಹಳೆಯದನ್ನೆಲ್ಲ ಒರೆಸಿ. ಆಮೇಲೆ ಹೊಸದು ಹಾಕಿ, ಕಡೆಗೆ ಇಂಟರ್‌ನೆಟ್ ಕೊಡಿ.

ಬಿಸಿ ಮತ್ತು ಧೂಳು

ಎರಡು ಕಾರ್ಡ್ ಒಂದಕ್ಕೊಂದು ಅಂಟಿಕೊಂಡಂತೆ ಕೂತರೆ ಮೇಲಿನದಕ್ಕೆ ಉಸಿರಾಡಲು ಜಾಗವಿಲ್ಲ. ಕೆಳಗಿನದರ ಬಿಸಿಗಾಳಿಯನ್ನೇ ಅದು ಎಳೆದುಕೊಳ್ಳುತ್ತದೆ. 83 ಡಿಗ್ರಿ ಹತ್ತಿರ ಹೋದರೆ ಕಾರ್ಡ್ ತಾನೇ ವೇಗ ಇಳಿಸುತ್ತದೆ. ಏಪ್ರಿಲ್‌ನಲ್ಲಿ ಶೀಟಿನ ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ದಿನದ ಗೋಳು. ದಪ್ಪ ಕಾರ್ಡನ್ನು ಕೆಳಗೆ, ತೆಳುವಾದದ್ದನ್ನು ಮೇಲೆ ಹಾಕಿ ನೋಡಿ. ಪಕ್ಕದ ಬಾಗಿಲು ತೆಗೆದಾಗ ಐದಾರು ಡಿಗ್ರಿ ಇಳಿದರೆ ಕ್ಯಾಬಿನೆಟ್‌ಗೆ ಫ್ಯಾನ್ ಸಾಲದು.

ತಿಪಟೂರಿನ ನನ್ನ ಭಾವಮೈದನ ಕಂಪ್ಯೂಟರ್ ಕೊಬ್ಬರಿ ಗೋದಾಮಿನ ಮಗ್ಗುಲಲ್ಲಿದೆ. ಅವನ ಕಾರ್ಡ್ ಬಿಚ್ಚಿದಾಗ ಹೀಟ್‌ಸಿಂಕಿನ ಸಂದಿಯಲ್ಲಿ ತೆಂಗಿನ ನಾರು, ಕಂದು ಪುಡಿ ಸೇರಿ ಕಂಬಳಿ ಹಾಸಿದಂತೆ ಒಂದು ಪದರ ಕೂತಿತ್ತು. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ದಾಟುತ್ತಿರಲಿಲ್ಲ. ಬ್ಲೋವರ್ ಹಿಡಿಯುವ ಮೊದಲು ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ, ಗಾಳಿಗೆ ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ನಾರು ಗಾಳಿಗೆ ಬರುವುದಿಲ್ಲ, ಮೆತ್ತನೆ ಪೇಂಟ್ ಬ್ರಷ್ಷಿನಿಂದ ಎತ್ತಬೇಕು. ಅವನ ಕಾರ್ಡ್ ಅಷ್ಟರಿಂದಲೇ ಸರಿಹೋಯಿತು.

ನಿಜವಾಗಿಯೂ ಕಾರ್ಡೇ ಹೋಗಿದ್ದರೆ

ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದಿದ್ದರೆ ಒಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಮ್ ಮೈನಿಂಗ್, ಅಂದರೆ ಕಾರ್ಡ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು, ನಿಂತಿತು. ಮೈನಿಂಗ್‌ನಲ್ಲಿ ದುಡಿದ ಕಾರ್ಡುಗಳು ಆಮೇಲೆ ರಾಶಿರಾಶಿ ಮಾರಾಟಕ್ಕೆ ಬಂದವು. ಆರ್‌ಎಕ್ಸ್ 570, 580 ಥರದ ಕಾರ್ಡುಗಳಲ್ಲಿ ಒಳಗಿನ ಬಯಾಸ್ ಬದಲಿಸಿರುತ್ತಾರೆ, ಆಗ ಡ್ರೈವರ್ ಒಪ್ಪುವುದಿಲ್ಲ. ಕೆಲವು ಕಾರ್ಡಿನ ಅಂಚಿನಲ್ಲಿ ಬಯಾಸ್ ಬದಲಿಸುವ ಚಿಕ್ಕ ಸ್ವಿಚ್ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿ ಅದನ್ನು ಇನ್ನೊಂದು ಕಡೆಗೆ ಸರಿಸಿ ನೋಡಿ, ಎಷ್ಟೋ ಕಾರ್ಡ್ ಹಾಗೇ ಎದ್ದು ಕೂತಿವೆ.

ಅದಕ್ಕೂ ಬಗ್ಗದಿದ್ದರೆ ಬಿಲ್ ಹುಡುಕಿ, ಕಾರ್ಡಿನ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಕಾರ್ಡ್ ಒಂದನ್ನೇ ಒಯ್ಯಿರಿ. ಇಡೀ ಕ್ಯಾಬಿನೆಟ್ ಕೊಂಡೊಯ್ಯಲೇಬೇಕೆಂದರೆ ಎರಡೂ ಕಾರ್ಡನ್ನು ಬಿಚ್ಚಿ ಬೇರೆ ಇಡಿ. ಬಸ್ಸಿನ ಕುಲುಕಾಟಕ್ಕೆ ಭಾರದ ಕಾರ್ಡ್ ಜೋತಾಡಿ ಸ್ಲಾಟನ್ನೇ ಕಿತ್ತುಹಾಕುತ್ತದೆ. ಆಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಯಾವ ಸ್ಲಾಟಿನಲ್ಲಿ, ಯಾವ ಕೇಬಲ್ಲಿನಲ್ಲಿ, ಯಾವ ಡ್ರೈವರಿನಲ್ಲಿ ನೋಡಿದಿರಿ ಅಂತ ಬರೆದ ಆ ಕಾಗದವನ್ನೂ ಒಳಗಿಡಿ. ಕೌಂಟರಿನಲ್ಲಿ "ಎಸ್‌ಎಂಪಿಎಸ್ ನೋಡಿದ್ರಾ?" ಅಂದಾಗ ಅದನ್ನೇ ಮುಂದಿಡಬಹುದು.